ಆಪ್ಷನಲ್

ನಮ್ಮ ಮಗಳ ಲಸಿಕೆ ಪುಸ್ತಕದಲ್ಲಿ ‘ಇನ್‌ಫ್ಲುಯೆಂಜಾ’ ಅನ್ನುವ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ, ಸಣ್ಣಕ್ಷರದಲ್ಲಿ ‘ಆಪ್ಷನಲ್’ ಅಂತ ಬರೆದಿದೆ. ಬರೆದವರು ಡಾಕ್ಟರಲ್ಲ, ನಾನು.

ಅವಳಿಗೆ ಒಂದೂವರೆ ವರ್ಷದ ಬೂಸ್ಟರ್ ಹಾಕಿಸಲು ಹೋದ ದಿನ ಡಾಕ್ಟರು ಪುಸ್ತಕ ತಿರುವುತ್ತಾ, “ಇದೊಂದು ಬಾಕಿ ಇದೆಯಲ್ಲ, ಮಳೆಗಾಲಕ್ಕೆ ಮುಂಚೆ ಹಾಕಿಸಿಬಿಡಿ. ಮೊದಲ ಸಲ ಆದ್ದರಿಂದ ಎರಡು ಡೋಸ್, ನಾಲ್ಕು ವಾರದ ಅಂತರ. ಆಮೇಲೆ ವರ್ಷಕ್ಕೊಂದು” ಅಂದರು. “ಕಂಪಲ್ಸರಿನಾ ಡಾಕ್ಟ್ರೇ?” ಅಂತ ಕೇಳಿದೆ. “ಸರ್ಕಾರದ ಪಟ್ಟಿಯಲ್ಲಿಲ್ಲ. ಆದ್ರೆ ಐದು ವರ್ಷದೊಳಗಿನ ಮಕ್ಕಳಿಗೆ ನಾವು ಹೇಳ್ತೀವಿ” ಅಂದರು. ಈ ಎರಡು ವಾಕ್ಯಗಳಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಒಂದು ಡೋಸಿಗೆ ಎರಡು ಸಾವಿರದ ಹತ್ತಿರ. ದುಡ್ಡು ಅಡ್ಡ ಬಂತು ಅಂತ ಹೇಳಿದರೆ ಸುಳ್ಳಾಗುತ್ತೆ. ಒಂದು ಶನಿವಾರ ಭಾನುವಾರದ ಸ್ವಿಗ್ಗಿ ಬಿಲ್ ಅದಕ್ಕಿಂತ ಜಾಸ್ತಿ ಆಗುತ್ತೆ. ಅಡ್ಡ ಬಂದದ್ದು ‘ಫ್ಲೂ ತಾನೇ, ಬರುತ್ತೆ, ಹೋಗುತ್ತೆ’ ಅನ್ನುವ ಉಡಾಫೆ. ಕಾರಲ್ಲಿ ಕೂತು ಪುಸ್ತಕದಲ್ಲಿ ಆ ಪದ ಬರೆದುಕೊಂಡೆ, ಮುಂದಿನ ಸಲ ನೋಡಿದರಾಯ್ತು ಅಂತ.

ಮುಂದಿನ ಸಲ ಬರುವ ಮುಂಚೆ ಜುಲೈ ಬಂತು.

ಅದೊಂದು ಸೋಮವಾರ. ಬೆಂಗಳೂರಿನಲ್ಲಿ ವಾರದಿಂದ ಜಿಟಿಜಿಟಿ ಮಳೆ. ಹೆಂಡತಿ ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋಗಿದ್ದಳು. ಬೆಳಿಗ್ಗೆ ಮಗಳ ಹಣೆ ಮುಟ್ಟಿದರೆ ಬೆಚ್ಚಗಿತ್ತು. ಹತ್ತೂವರೆಗೆ ನನಗೆ ಕ್ಲೈಂಟ್ ಡೆಮೋ. ನೀವೂ ಚಿಕ್ಕ ಮಕ್ಕಳ ಅಪ್ಪ ಅಮ್ಮ ಆಗಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಯೇ ಇಲ್ಲ. ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ, ಜಾಕೆಟ್ ಹಾಕಿ, ಡೇ ಕೇರ್‌ನಲ್ಲಿ ಬಿಟ್ಟು ಬಂದೆ. ಸಿರಪ್ ಕೆಲಸ ಮಾಡುವುದು ನಾಲ್ಕೈದು ಗಂಟೆ. ಮಧ್ಯಾಹ್ನ ಒಂದಕ್ಕೆ ಫೋನ್ ಬಂತು. “ಸಾರ್, ಪಾಪುಗೆ ನೂರಾ ಎರಡು ಇದೆ. ಬಂದು ಕರ್ಕೊಂಡು ಹೋಗ್ತೀರಾ?”

ಮಂಗಳವಾರದಿಂದ ವರ್ಕ್ ಫ್ರಮ್ ಹೋಮ್. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳು ರಾಯಚೂರು ಕಡೆಯವಳು. ಗಂಡ ಪಕ್ಕದ ರಸ್ತೆಯ ಕಟ್ಟಡವೊಂದರಲ್ಲಿ ವಾಚ್‌ಮನ್. ದೊಡ್ಡ ಮಗ ಅಂಗನವಾಡಿಗೆ ಹೋಗುತ್ತಾನೆ, ಚಿಕ್ಕದು ಆಗ ನಾಲ್ಕು ತಿಂಗಳ ಕೂಸು. ಅದನ್ನು ಜೊತೆಗೇ ತಂದು, ನಮ್ಮ ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿಸಿ ಆಕೆ ಕೆಲಸ ಮಾಡುತ್ತಿದ್ದಳು. ಮಗಳಿಗೆ ಆ ಕೂಸು ಅಂದರೆ ಪ್ರಾಣ. ಜ್ವರ ಸ್ವಲ್ಪ ಇಳಿದರೆ ಸಾಕು, ಮೂಗು ಸುರಿಸಿಕೊಂಡೇ ಹೋಗಿ ಅದರ ಪಕ್ಕ ಮಲಗುವಳು, ಕೆನ್ನೆಗೆ ಮುತ್ತು ಕೊಡುವಳು. ನಾನು ಹೆಡ್‌ಫೋನ್ ಹಾಕಿಕೊಂಡು ಅದನ್ನು ನೋಡಿ ನಕ್ಕಿದ್ದೆ.

ಬುಧವಾರ ಸಂಜೆ ಲ್ಯಾಬ್‌ನಿಂದ ವಾಟ್ಸಾಪ್‌ಗೆ ರಿಪೋರ್ಟ್ ಬಂತು: ಇನ್‌ಫ್ಲುಯೆಂಜಾ ಎ, ಪಾಸಿಟಿವ್. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಆಕೆ ಬೆಲ್ ಮಾಡಿದಳು, ಸೆರಗಿನಲ್ಲಿ ಕೂಸು. ಬಾಗಿಲು ತೆಗೆದ ನಾನು ವಿಷಯ ಹೇಳಲಿಲ್ಲ. ಮರೆತಿರಲಿಲ್ಲ. ಹೇಳಿದರೆ ಇವತ್ತು ಕೆಲಸಕ್ಕೆ ಬರಲ್ಲ, ನನಗೆ ಬೆನ್ನು ಬೆನ್ನಿಗೆ ಮೂರು ಕಾಲ್ ಇವೆ ಅನ್ನುವ ಲೆಕ್ಕ ಎರಡು ಸೆಕೆಂಡಿನಲ್ಲಿ ತಲೆಯೊಳಗೆ ಮುಗಿದಿತ್ತು.

ಶನಿವಾರ ಆಕೆ ಬರಲಿಲ್ಲ. ಭಾನುವಾರ ನಾನೇ ಫೋನ್ ಮಾಡಿದೆ. “ಕೂಸಿಗೆ ಆರಾಮಿಲ್ರಿ ಅಣ್ಣಾರ. ಹಾಲು ಕುಡೀವಲ್ದು. ಉಸಿರಾಡೂದು ಭಾಳ ಜೋರಾಗೇತ್ರಿ.” ಆಗಲೇ ದೊಡ್ಡಾಸ್ಪತ್ರೆಯಲ್ಲಿದ್ದರು. ನಿಮೋನಿಯಾ ಅಂದರಂತೆ. ಆರು ದಿನ ಕೂಸು ಆಕ್ಸಿಜನ್ ಮೇಲಿತ್ತು. ಬದುಕಿಕೊಂಡಿತು. ಈಗ ಅಂಬೆಗಾಲಿಡುತ್ತದೆ. ಇಷ್ಟು ಹೇಳಿಬಿಟ್ಟರೆ ಮುಂದಿನದನ್ನು ನೀವು ನೆಮ್ಮದಿಯಿಂದ ಓದಬಹುದು; ನನಗೆ ಬರೆಯಲು ಮಾತ್ರ ಆ ನೆಮ್ಮದಿ ಇಲ್ಲ.

* * *

ಆ ಕೂಸಿಗೆ ನಮ್ಮ ಮನೆಯಿಂದಲೇ ಸೋಂಕು ತಗುಲಿತು ಅನ್ನುವುದಕ್ಕೆ ಪುರಾವೆ ಇಲ್ಲ. ಅಂಗನವಾಡಿಗೆ ಹೋಗುವ ಅಣ್ಣನಿಂದ ಬಂದಿರಬಹುದು. ಆ ತಿಂಗಳು ಅರ್ಧ ಬೆಂಗಳೂರು ಕೆಮ್ಮುತ್ತಿತ್ತು. ಬೇರೆ ಯಾವುದೋ ವೈರಸ್ಸೂ ಆಗಿರಬಹುದು. ಎರಡು ವಾರ ನಾನು ಈ ‘ಬಹುದು’ಗಳನ್ನೇ ಹೊದ್ದುಕೊಂಡು ಮಲಗಿದೆ.

ಕೋರ್ಟಿನಲ್ಲಿ ಸಂಶಯದ ಲಾಭ ಆರೋಪಿಗೆ ಸಿಗುತ್ತೆ, ಸಿಗಬೇಕು ಕೂಡ. ಆದರೆ ಸೋಂಕಿನ ವಿಷಯದಲ್ಲಿ ಆ ನಿಯಮವನ್ನು ಮನಸ್ಸಾಕ್ಷಿಗೂ ಅನ್ವಯಿಸಿದರೆ ಏನಾಗುತ್ತೆ ನೋಡಿ. ಪ್ರತಿ ಜ್ವರವೂ ಯಾರಿಂದಲೋ ಬಂದೇ ಇರುತ್ತದೆ, ಆದರೆ ಯಾರಿಂದ ಅಂತ ಯಾವತ್ತೂ ಸಾಬೀತಾಗುವುದಿಲ್ಲ. ಹಾಗಾಗಿ ಊರಿನಲ್ಲಿ ಎಲ್ಲರೂ ನಿರ್ದೋಷಿಗಳು, ಕೂಸು ಮಾತ್ರ ಆಕ್ಸಿಜನ್ ಮೇಲೆ.

ಕುಡಿದು ಗಾಡಿ ಓಡಿಸಿದವನು ಯಾರಿಗೂ ಗುದ್ದದೆ ಮನೆ ಸೇರಿದರೂ ತಪ್ಪು ಮಾಡಿದ್ದಾನೆ ಅಂತ ನಾವೆಲ್ಲ ಒಪ್ಪುತ್ತೇವೆ. ಇನ್ನೊಬ್ಬರ ಜೀವವನ್ನು ಅವರನ್ನು ಕೇಳದೆ ಪಣಕ್ಕೆ ಇಟ್ಟದ್ದೇ ಅಲ್ಲಿನ ತಪ್ಪು. ಗುದ್ದಿದನೋ ಇಲ್ಲವೋ ಅನ್ನುವುದು ಅದೃಷ್ಟದ ಮಾತು. ಹೀಗೆ ಯೋಚಿಸಿದ ಮೇಲೆ ‘ನಮ್ಮಿಂದ ಬಂತಾ?’ ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವುದನ್ನು ಬಿಟ್ಟೆ. ‘ನಮ್ಮಿಂದ ಹೋಗದ ಹಾಗೆ ನೋಡಿಕೊಳ್ಳಲು ಕೈಲಿದ್ದದ್ದನ್ನು ಮಾಡಿದ್ದೆನಾ?’ ಅನ್ನುವ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಮಾಡಿರಲಿಲ್ಲ. ಸೋಮವಾರದ ಸಿರಪ್ ಒಂದು, ಗುರುವಾರದ ಮೌನ ಇನ್ನೊಂದು, ಪೆನ್ಸಿಲ್‌ನ ಆ ಪದ ಮೂರನೆಯದು.

ಮೊದಲ ಎರಡು ತಪ್ಪು ಅನ್ನುವುದರಲ್ಲಿ ಚರ್ಚೆಯೇ ಇಲ್ಲ. ಮೂರನೆಯದು ನಿಜವಾಗಿಯೂ ತಪ್ಪಾ? ಮಗುವಿಗೆ ಫ್ಲೂ ಲಸಿಕೆ ಹಾಕಿಸುವುದು ನನ್ನ ಇಷ್ಟಕ್ಕೆ ಬಿಟ್ಟದ್ದಾ, ಅಥವಾ ಬೇರೆಯವರಿಗೆ ನಾನು ಕೊಡಬೇಕಾದ ಬಾಕಿಯಾ? ಉತ್ತರ ಹುಡುಕಲು ಮೊದಲು ಚಿಕ್ಕ ಮಕ್ಕಳ ಮೈಯೊಳಗೆ ಏನು ನಡೆಯುತ್ತೆ ಅಂತ ತಿಳಿಯಬೇಕಾಯ್ತು.

* * *

ಮಗು ಹುಟ್ಟುವಾಗ ಬರಿಗೈಯಲ್ಲಿ ಬರುವುದಿಲ್ಲ. ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ಹೊಕ್ಕುಳಬಳ್ಳಿಯ ದಾರಿಯಲ್ಲಿ ಮೊದಲೇ ಬಂದಿರುತ್ತವೆ. ತಾಯಿಗೆ ಯಾವ ರೋಗಗಳ ಪರಿಚಯವಿದೆಯೋ ಅವುಗಳ ವಿರುದ್ಧ ಅವು ಮಗುವನ್ನು ಕಾಯುತ್ತವೆ. ಆದರೆ ಇದು ಬುತ್ತಿ ಇದ್ದ ಹಾಗೆ, ಕೆಲವೇ ತಿಂಗಳಲ್ಲಿ ಖಾಲಿಯಾಗುತ್ತೆ. ಇತ್ತ ಫ್ಲೂ ಲಸಿಕೆಯನ್ನು ಆರು ತಿಂಗಳು ತುಂಬುವ ತನಕ ಕೊಡುವ ಹಾಗಿಲ್ಲ. ಬುತ್ತಿ ಕರಗುತ್ತಾ ಬಂದಿರುತ್ತದೆ, ಸ್ವಂತ ಅಡುಗೆ ಇನ್ನೂ ಶುರುವಾಗಿರುವುದಿಲ್ಲ. ಗರ್ಭಿಣಿಗೇ ಲಸಿಕೆ ಕೊಟ್ಟರೆ ಬುತ್ತಿ ದೊಡ್ಡದಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಫ್ಲೂ ಲಸಿಕೆಗೆ ಗರ್ಭಿಣಿಯರನ್ನು ಮೊದಲ ಸಾಲಿನಲ್ಲಿಟ್ಟಿತು. ನಮ್ಮ ಮನೆಗೆ ಬರುವ ಆಕೆಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದ ಒಂದು ಮನೆಯಲ್ಲಿ ಆಕೆ ಏಳನೇ ತಿಂಗಳವರೆಗೂ ನೆಲ ಒರೆಸಿದ್ದಳು. ಆ ಮನೆ ನಮ್ಮದೇ.

ಹೀಗಾಗಿ ನಾಲ್ಕು ತಿಂಗಳ ಕೂಸಿಗೆ ಇರುವ ಲಸಿಕೆ ಅಂದರೆ ಸುತ್ತಲಿನ ಜನ. ಅವರಿಗೆ ಸೋಂಕು ಬರದಿದ್ದರೆ ಅದಕ್ಕೂ ಬರುವುದಿಲ್ಲ.

ಆರು ತಿಂಗಳ ನಂತರದ ಕಥೆ ಬೇರೆ. ನಮ್ಮ ನಿಮ್ಮಂಥ ದೊಡ್ಡವರ ದೇಹ ಹಳೆಯ ಪೊಲೀಸ್ ಪೇದೆಯ ಹಾಗೆ. ಹತ್ತಾರು ಸಲ ಫ್ಲೂ ಬಂದು ಹೋಗಿರುತ್ತೆ, ವೇಷ ಬದಲಿಸಿ ಬಂದರೂ ‘ಇವನನ್ನ ಎಲ್ಲೋ ನೋಡಿದೀನಲ್ಲ’ ಅನ್ನುವಷ್ಟು ಗುರುತು ಉಳಿದಿರುತ್ತೆ. ಎರಡು ವರ್ಷದ ಮಗುವಿನ ದೇಹ ಈ ವೈರಸ್ಸನ್ನು ಕಂಡೇ ಇರುವುದಿಲ್ಲ. ಅದಕ್ಕೇ ಒಂಬತ್ತು ವರ್ಷದೊಳಗಿನವರಿಗೆ ಮೊದಲ ಸಲ ಎರಡು ಡೋಸ್: ಒಂದು ಪರಿಚಯಕ್ಕೆ, ಇನ್ನೊಂದು ಅದನ್ನು ಗಟ್ಟಿ ಮಾಡಲು. ಅದಕ್ಕೇ ಪ್ರತಿ ವರ್ಷ ದೊಡ್ಡವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಫ್ಲೂ ಬಂದರೆ, ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತಕ್ಕೆ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬಂದ ಮೇಲೂ ಮಕ್ಕಳು ವೈರಸ್ಸನ್ನು ದೊಡ್ಡವರಿಗಿಂತ ಹೆಚ್ಚು ದಿನ ಹೊರಹಾಕುತ್ತಾರೆ. ಕೈ ಬಾಯಿಗೆ, ಬಾಯಿ ಆಟಿಕೆಗೆ, ಆಟಿಕೆ ಪಕ್ಕದ ಮಗುವಿನ ಬಾಯಿಗೆ. ಡೇ ಕೇರ್ ನೋಡಿದವರಿಗೆ ವಿವರಿಸಬೇಕಾಗಿಲ್ಲ.

‘ಬರುತ್ತೆ, ಹೋಗುತ್ತೆ’ ಅನ್ನುವುದು ಬಹುಪಾಲು ಮಕ್ಕಳ ಮಟ್ಟಿಗೆ ನಿಜ. ನಮ್ಮ ಮಗಳಿಗೂ ಐದನೇ ದಿನಕ್ಕೆ ಹೋಯ್ತು. ಆದರೆ 2018ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 11 ಕೋಟಿ ಮಕ್ಕಳಿಗೆ ಫ್ಲೂ ಬಂತು, ಶ್ವಾಸಕೋಶಕ್ಕಿಳಿದು ಆಸ್ಪತ್ರೆ ಸೇರಿದವರು 8.7 ಲಕ್ಷ, ಸತ್ತವರು 34,800ರವರೆಗೂ ಇರಬಹುದು ಅಂತ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತೆ. ಅಮೆರಿಕದಲ್ಲಿ ಫ್ಲೂನಿಂದ ಸಾಯುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲು ಬೇರೆ ಯಾವ ಕಾಯಿಲೆಯೂ ಇರುವುದಿಲ್ಲ, ಹೆಚ್ಚುಕಡಿಮೆ ನೂರಕ್ಕೆ ಎಂಬತ್ತು ಮಂದಿಗೆ ಆ ವರ್ಷದ ಲಸಿಕೆ ಪೂರ್ತಿ ಆಗಿರುವುದಿಲ್ಲ. ಯಾರ ಮಗು ಐದನೇ ದಿನಕ್ಕೆ ಎದ್ದು ಕೂರುತ್ತೆ, ಯಾರದು ಐಸಿಯುಗೆ ಹೋಗುತ್ತೆ ಅಂತ ಮುಂಚೆ ಹೇಳಲು ಆಗುವುದಿಲ್ಲ.

ಲಸಿಕೆ ಹಾಕಿಸಿದರೆ ಬರುವುದೇ ಇಲ್ವಾ? ಹಾಗೇನೂ ಇಲ್ಲ. ಈ ವೈರಸ್ ತನ್ನ ಹೊರಮೈಯನ್ನು ವರ್ಷ ವರ್ಷ ಬದಲಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಕೂತು, ಮುಂದಿನ ಸೀಸನ್ನಿಗೆ ಯಾವ ತಳಿ ಬರಬಹುದು ಅಂತ ಅಂದಾಜಿಸಿ ಲಸಿಕೆಯ ಪಾಕ ನಿರ್ಧರಿಸುತ್ತಾರೆ. ಅಂದಾಜು ಸರಿಯಾದ ವರ್ಷ ಅಪಾಯ ನೂರಕ್ಕೆ ನಲವತ್ತರಿಂದ ಅರವತ್ತರಷ್ಟು ಇಳಿಯುತ್ತೆ. ನಮ್ಮದೇ ದೇಶದಲ್ಲಿ, ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 2009ರ ಕೊನೆಯಿಂದ ಮೂರು ವರ್ಷ ಆರು ತಿಂಗಳಿಂದ ಹತ್ತು ವರ್ಷದ ಮಕ್ಕಳಿಗೆ ಲಸಿಕೆ ಕೊಟ್ಟು ನೋಡಿದರು. ಮೊದಲ ವರ್ಷ ರಕ್ಷಣೆ ಸುಮಾರು ನಾಲ್ಕನೇ ಒಂದು ಭಾಗ, ಮೂರನೇ ವರ್ಷ ನಾಲ್ಕರಲ್ಲಿ ಮೂರು ಭಾಗ. ಅಷ್ಟು ಏರಿಳಿತ. ಬೆಂಗಳೂರಿನ ಮಳೆಗೆ ಛತ್ರಿ ಹಿಡಿದ ಹಾಗೆ ಅಂತಿಟ್ಟುಕೊಳ್ಳಿ. ಪ್ಯಾಂಟ್ ನೆನೆಯುತ್ತೆ, ಹಾಗಂತ ಛತ್ರಿ ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ. ಛತ್ರಿಯ ಮಾತು ಬಂದದ್ದಕ್ಕೆ ಹೇಳ್ತೀನಿ, ನಮ್ಮ ಕಡೆ ಫ್ಲೂನ ದೊಡ್ಡ ಅಲೆ ಬರುವುದು ಮಳೆಯ ಜೊತೆಗೇ, ಸ್ಕೂಲು ಶುರುವಾದ ಬೆನ್ನಿಗೇ. ಡಾಕ್ಟರು ‘ಮಳೆಗಾಲಕ್ಕೆ ಮುಂಚೆ’ ಅಂದದ್ದು ಅದಕ್ಕೇ.

* * *

ಈ ಮಧ್ಯೆ ಅಮ್ಮ ಊರಿಂದ ಫೋನ್ ಮಾಡಿದ್ದಳು. “ಮಕ್ಕಳಿಗೆ ಜ್ವರ ಬರ್ಲೇಬೇಕು ಕಣೋ. ಮೈ ಗಟ್ಟಿಯಾಗುತ್ತೆ. ನಿನ್ನನ್ನೇನು ಸೂಜಿ ಹಾಕ್ಸಿ ಸಾಕಿದ್ನಾ?” ನನ್ನ ಆಫೀಸಿನ ಗೆಳೆಯರು ಇದೇ ಮಾತನ್ನು ‘ನ್ಯಾಚುರಲ್ ಇಮ್ಯುನಿಟಿ’ ಅಂತ ಹೇಳುತ್ತಾರೆ.

ಅಮ್ಮನ ಮಾತಿನಲ್ಲಿ ಸತ್ಯ ಇದೆ, ಅವಳು ಅಂದುಕೊಂಡದ್ದಕ್ಕಿಂತ ಆಳವಾಗಿಯೇ ಇದೆ. ಥಾಮಸ್ ಫ್ರಾನ್ಸಿಸ್ ಅಂತ ಅಮೆರಿಕದ ವಿಜ್ಞಾನಿ ಒಬ್ಬರಿದ್ದರು. 1954ರಲ್ಲಿ ಸಾಲ್ಕ್ ಅವರ ಪೋಲಿಯೋ ಲಸಿಕೆಯನ್ನು ಲಕ್ಷಾಂತರ ಮಕ್ಕಳ ಮೇಲೆ ಪರೀಕ್ಷಿಸಿದ ಕೆಲಸದ ಮೇಲ್ವಿಚಾರಣೆ ಅವರದೇ. ಒಬ್ಬ ಮನುಷ್ಯನಿಗೆ ಬಾಲ್ಯದಲ್ಲಿ ಮೊದಲು ಬಂದ ಫ್ಲೂ ಯಾವ ತಳಿಯದೋ ಅದರ ಗುರುತು ಜೀವನವಿಡೀ ಉಳಿಯುತ್ತೆ, ಆಮೇಲೆ ಬರುವ ತಳಿಗಳಿಗೂ ದೇಹ ಆ ಮೊದಲ ಗುರುತಿನ ಮೂಲಕವೇ ಸ್ಪಂದಿಸುತ್ತೆ ಅಂತ ಅವರು ಕಂಡುಕೊಂಡರು. 1960ರಲ್ಲಿ ಅದಕ್ಕೆ ಬೈಬಲ್ಲಿನ ನೆನಪಿನಲ್ಲಿ ‘ಮೂಲ ಪಾಪ’ ಅನ್ನುವ ಅರ್ಥದ ಹೆಸರಿಟ್ಟರು. ನಮ್ಮಲ್ಲಾಗಿದ್ದರೆ ‘ಸಂಸ್ಕಾರ’ ಅಂತಿದ್ದೆವೇನೋ. ಮೊದಲು ಅಕ್ಕಿಯ ಮೇಲೆ ತಿದ್ದಿದ ಅಕ್ಷರ ಕೊನೆಯವರೆಗೂ ಕೈಬರಹದಲ್ಲಿ ಇಣುಕುವ ಹಾಗೆ. 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಎರಡು ಬಗೆಯ ಹಕ್ಕಿಜ್ವರಗಳಲ್ಲಿ ಯಾರಿಗೆ ಯಾವುದು ಹೆಚ್ಚು ಅಪಾಯ ಅನ್ನುವುದು 1968ಕ್ಕೆ ಮುಂಚೆ ಹುಟ್ಟಿದರೋ ಆಮೇಲೆಯೋ ಅನ್ನುವುದರ ಮೇಲೆ ನಿಂತಿದೆ ಅಂತ ತೋರಿಸಿತು. ಆ ವರ್ಷ ಫ್ಲೂನ ಚಾಲ್ತಿ ತಳಿ ಬದಲಾಗಿತ್ತು. ಅಂದರೆ 1956ರಲ್ಲಿ ಹುಟ್ಟಿದ ಅಮ್ಮ ಮತ್ತು ನಾನು ಒಂದೇ ಮನೆಯವರಾದರೂ ನಮ್ಮ ಮೈಯ ನೆನಪುಗಳು ಬೇರೆ.

ಹಾಗಾದರೆ ನೈಸರ್ಗಿಕ ಸೋಂಕೇ ಒಳ್ಳೆಯದಲ್ವಾ? ಪಾಠ ಸಿಗುತ್ತೆ ನಿಜ, ಆದರೆ ಫೀಸು ಎಷ್ಟು ಅಂತ ಮೊದಲೇ ಹೇಳುವುದಿಲ್ಲ. ಒಬ್ಬ ಮಗುವಿಗೆ ಅದು ಐದು ದಿನದ ಜ್ವರ, ಇನ್ನೊಂದಕ್ಕೆ ಆಕ್ಸಿಜನ್. ಲಸಿಕೆಯ ಫೀಸು ಗೊತ್ತಿರುವಂಥದ್ದು: ತೋಳು ನೋವು, ಒಂದೆರಡು ದಿನದ ಮೈಬಿಸಿ. ಅದರಲ್ಲಿರುವುದು ಸತ್ತ ವೈರಸ್ಸಿನ ಚೂರುಗಳು, ಅದರಿಂದ ಫ್ಲೂ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೈಸರ್ಗಿಕವಾಗಿ ‘ಗಟ್ಟಿಯಾಗುವ’ ಆ ಐದು ದಿನಗಳಲ್ಲಿ ಮಗು ಇನ್ನೆಷ್ಟು ಮಂದಿಗೆ ಅದನ್ನು ದಾಟಿಸುತ್ತೆ? ‘ನನ್ನ ಮಗು ಗಟ್ಟಿಯಾಗಲಿ’ ಅನ್ನುವ ವಾಕ್ಯದಲ್ಲಿ ಚಾಪೆಯ ಮೇಲೆ ಮಲಗಿದ್ದ ಕೂಸು ಎಲ್ಲೂ ಇಲ್ಲ.

* * *

ಇಲ್ಲಿಗೆ ಬಂದ ಮೇಲೆ ನನಗೆ ಇನ್ನೊಂದು ಕಷ್ಟ ಶುರುವಾಯ್ತು. ಮಗಳಿಗೆ ಸೂಜಿ ಚುಚ್ಚಿಸುವುದು ಅವಳ ಒಳ್ಳೆಯದಕ್ಕಾ, ಬೇರೆಯವರ ಒಳ್ಳೆಯದಕ್ಕಾ? ಅವಳ ಒಳ್ಳೆಯದಕ್ಕೆ ಅಂದರೆ, ಒಪ್ಪಿಗೆ ಕೊಡಲಾಗದ ಮಗುವಿನ ಪರವಾಗಿ ನಾನು ನಿರ್ಧರಿಸುವುದು ಸರಿ. ಬೇರೆಯವರಿಗಾಗಿ ಅಂದರೆ? ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಅಂತ ಕಾಂಟ್ ಹೇಳಿದ್ದು ಕಾಲೇಜಿನ ಎಥಿಕ್ಸ್ ಕ್ಲಾಸಿನಲ್ಲಿ ಓದಿದ್ದೆ. ಎರಡು ವರ್ಷದವಳ ತೋಳು ಊರಿನ ಸಾಧನವಾಗಬಹುದಾ?

ಈ ಪ್ರಶ್ನೆಯನ್ನು ಒಂದು ಇಡೀ ದೇಶ ಎದುರಿಸಿದೆ. ಜಪಾನ್ 1962ರಲ್ಲಿ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಕೊಡಲು ಶುರು ಮಾಡಿತು, 1977ರಲ್ಲಿ ಕಡ್ಡಾಯ ಮಾಡಿತು. ರೋಗ ಹಬ್ಬುವುದು ಶಾಲೆಯಿಂದ, ಹಾಗಾಗಿ ಶಾಲೆಯಲ್ಲೇ ತಡೆದರೆ ಊರು ಉಳಿಯುತ್ತೆ ಅನ್ನುವುದು ಲೆಕ್ಕ. ಕಾಲಕ್ರಮೇಣ ಅಪ್ಪ ಅಮ್ಮಂದಿರು ಕೇಳತೊಡಗಿದರು: ಇದರಿಂದ ನನ್ನ ಮಗುವಿಗೆ ಏನು ಲಾಭ? ಅಡ್ಡಪರಿಣಾಮದ ಭಯ, ಮೊಕದ್ದಮೆ ಎಲ್ಲ ಸೇರಿ 1987ರಲ್ಲಿ ಬೇಡ ಅನ್ನುವ ಹಕ್ಕು ಬಂತು, 1994ರಲ್ಲಿ ಕಾರ್ಯಕ್ರಮವೇ ನಿಂತಿತು. 2001ರಲ್ಲಿ ಸಂಶೋಧಕರು ಹಳೆಯ ಲೆಕ್ಕ ತೆಗೆದು ನೋಡಿದರೆ, ಆ ಕಾರ್ಯಕ್ರಮ ವರ್ಷಕ್ಕೆ 37,000ದಿಂದ 49,000 ಸಾವುಗಳನ್ನು ತಡೆದಿತ್ತು ಅಂತ ಅವರ ಅಂದಾಜು. ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದರೆ ಒಂದು ಜೀವ. ಉಳಿದವರಲ್ಲಿ ಹೆಚ್ಚಿನವರು ಅಜ್ಜ ಅಜ್ಜಿಯರು. ಈ ಅಂಕಿ ಇಷ್ಟು ದೊಡ್ಡದಾ ಅನ್ನುವ ಬಗ್ಗೆ ಆಮೇಲೆ ತಕರಾರುಗಳೂ ಬಂದವು. ಆದರೆ ದಿಕ್ಕಿನ ಬಗ್ಗೆ ಇನ್ನೊಂದು ಸಾಕ್ಷ್ಯ ಇದೆ. ಕೆನಡಾದಲ್ಲಿ ಹಟರೈಟ್ ಅನ್ನುವ ಕ್ರೈಸ್ತ ಪಂಗಡ ಇದೆ, ಆಸ್ತಿಯೂ ಊಟವೂ ಸಾಮೂಹಿಕ, ಊರುಗಳು ಪ್ರತ್ಯೇಕ. ಅಂಥ 49 ಊರುಗಳಲ್ಲಿ ಕೆಲವೆಡೆ ಮಕ್ಕಳಿಗೆ ಫ್ಲೂ ಲಸಿಕೆ, ಉಳಿದೆಡೆ ಹೆಪಟೈಟಿಸ್ ಎ ಲಸಿಕೆ ಕೊಟ್ಟರು. ಫ್ಲೂ ಲಸಿಕೆಯ ಊರುಗಳಲ್ಲಿ ಲಸಿಕೆಯನ್ನೇ ಹಾಕಿಸಿಕೊಳ್ಳದವರಿಗೂ ಸುಮಾರು 61 ಪರ್ಸೆಂಟ್ ರಕ್ಷಣೆ ಸಿಕ್ಕಿತ್ತು. ಈ ಫಲಿತಾಂಶ ಪ್ರಕಟವಾದದ್ದು 2010ರಲ್ಲಿ.

ಜಪಾನಿನ ಅಪ್ಪ ಅಮ್ಮಂದಿರ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಅದು ನನ್ನದೇ ಪ್ರಶ್ನೆ. ಆದರೆ ಆ ಪ್ರಶ್ನೆಯೊಳಗೆ ಒಂದು ಚಿತ್ರ ಅಡಗಿದೆ: ನನ್ನ ಮಗು ಯಾರಿಂದಲೂ ಏನೂ ಪಡೆಯದೆ ಒಂಟಿಯಾಗಿ ನಿಂತಿದ್ದಾಳೆ, ಈಗ ಊರು ಬಂದು ಅವಳ ಹತ್ತಿರ ಕೇಳುತ್ತಿದೆ ಅನ್ನುವ ಚಿತ್ರ. ಅದು ಸುಳ್ಳು. ಹುಟ್ಟುವ ಮೊದಲೇ ಅವಳು ತಾಯಿಯ ರಕ್ತದಿಂದ ಪಡೆದಿದ್ದಾಳೆ. ಅವಳಿಗೆ ಪೋಲಿಯೋ ಬಂದಿಲ್ಲ. ಅವಳ ಲಸಿಕೆ ಒಂದು ಕಾರಣ, ಅವಳಿಗಿಂತ ಮುಂಚೆ ಕೋಟ್ಯಂತರ ಅಪ್ಪ ಅಮ್ಮಂದಿರು ಭಾನುವಾರ ಬೆಳಿಗ್ಗೆ ಕ್ಯೂ ನಿಂತು ಎರಡು ಹನಿ ಹಾಕಿಸಿದ್ದು ಇನ್ನೊಂದು ಕಾರಣ. ಈ ದೇಶದಲ್ಲಿ ಪೋಲಿಯೋ ವೈರಸ್ಸಿನ ಕೊನೆಯ ನೈಸರ್ಗಿಕ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಆ ಕ್ಯೂನಲ್ಲಿ ನಿಂತವರಲ್ಲಿ ಯಾರೂ ನನ್ನ ಮಗಳಿಗೆ ಬಿಲ್ ಕಳಿಸಿಲ್ಲ.

ಇದಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಪದ ಇದೆ, ಋಣ. ಸಹಿ ಹಾಕಿ ತೆಗೆದುಕೊಳ್ಳುವ ಸಾಲಕ್ಕೆ ಒಪ್ಪಿಗೆ ಬೇಕು. ಋಣದೊಳಗೆ ಹುಟ್ಟುತ್ತೇವೆ. ದೇವ, ಋಷಿ, ಪಿತೃ ಅಂತ ಮೂರು ಋಣಗಳನ್ನು ಎಲ್ಲರೂ ಕೇಳಿರುತ್ತೀರಿ. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೂ ಇದೆ, ಮನುಷ್ಯ ಋಣ. ಬಂದವರಿಗೆ ಅನ್ನ, ಆಸರೆ ಕೊಟ್ಟು ತೀರಿಸುವಂಥದ್ದು. ಬಾಗಿಲಿಗೆ ಬಂದವರಿಗೆ ನೀರು ಕೊಡುವ ನಾವು ಜ್ವರ ಕೊಟ್ಟು ಕಳಿಸಿದರೆ ಅದನ್ನು ಏನಂತ ಕರೆಯಬೇಕು?

ಆದರೆ ಋಣದ ಮಾತು ಅಪಾಯಕಾರಿಯೂ ಹೌದು. ಜೀತದ ಭಾಷೆಯೂ ಅದೇ. ಕೈಲಾಗದವರಿಗೆ ‘ನೀನು ಋಣಿ’ ಅಂತ ಹೇಳಿ ಏನು ಬೇಕಾದರೂ ಮಾಡಿಸಿದ ಇತಿಹಾಸ ನಮ್ಮದು. ಹಾಗಾಗಿ ಮಗುವಿನ ಹೆಸರಿನಲ್ಲಿ ಋಣ ತೀರಿಸಲು ಹೊರಟವನಿಗೆ ಮೂರು ಕಟ್ಟುಪಾಡು ಇರಬೇಕು ಅಂತ ನನಗನ್ನಿಸುತ್ತೆ. ಮಗು ಹೊರುವ ಭಾರ ಚಿಕ್ಕದಿರಬೇಕು. ಅದರಿಂದ ಅವಳಿಗೂ ಲಾಭ ಇರಬೇಕು. ಮತ್ತು ಕೇಳುವವನು ಮೊದಲು ತನ್ನ ಪಾಲು ಕೊಟ್ಟಿರಬೇಕು. ಫ್ಲೂ ಲಸಿಕೆ ಮೊದಲ ಎರಡರಲ್ಲಿ ಪಾಸಾಗುತ್ತೆ. ಮೂರನೆಯದರಲ್ಲಿ ನಾನು ಫೇಲಾದೆ. ಅದು ನನಗೆ ಗೊತ್ತಾದದ್ದು ಯಾವ ಪುಸ್ತಕದಿಂದಲೂ ಅಲ್ಲ.

* * *

ಕೂಸು ಮನೆಗೆ ಬಂದು ಹತ್ತು ದಿನದ ಮೇಲೆ ಆಕೆ ಮತ್ತೆ ಕೆಲಸಕ್ಕೆ ಬಂದಳು. ಹೆಂಡತಿ, “ನೀನೇ ಹೇಳು, ನಾನು ಹೇಳಲ್ಲ” ಅಂದಿದ್ದಳು. ಗುರುವಾರದ ವಿಷಯ ಹೇಳಿದೆ. ಮಗಳ ರಿಪೋರ್ಟ್ ಹಿಂದಿನ ರಾತ್ರಿಯೇ ಬಂದಿತ್ತು, ಗೊತ್ತಿದ್ದೂ ಹೇಳಲಿಲ್ಲ ಅಂತ. ಆಕೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, ನಲ್ಲಿ ಬಂದ್ ಮಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆವತ್ತೇ ಹೇಳಿದ್ರ ಕೂಸಿನ್ನ ತರ್ತಿದ್ದಿಲ್ರಿ” ಅಂದಳು. ಅಷ್ಟೇ. ಮತ್ತೆ ನಲ್ಲಿ ತಿರುಗಿಸಿದಳು. ಕ್ಷಮಿಸಿದಳು ಅಂತ ನಾನು ಬರೆಯಲಾರೆ. ತಿಂಗಳ ಸಂಬಳ ಕೊಡುವವನಿಗೆ ಬೈಯುವ ಸ್ವಾತಂತ್ರ್ಯ ಆಕೆಗೆ ಇರಲಿಲ್ಲ ಅನ್ನುವುದಷ್ಟೇ ನನಗೆ ಗೊತ್ತು.

ಕೂಸಿಗೆ ಆರು ತಿಂಗಳು ತುಂಬಿದಾಗ ನಾವೇ ಕೇಳಿದೆವು, ಇಬ್ಬರೂ ಮಕ್ಕಳಿಗೆ, ಬೇಕಾದರೆ ಆಕೆಗೂ ಗಂಡನಿಗೂ ಲಸಿಕೆ ಹಾಕಿಸೋಣ, ಖರ್ಚು ನಮ್ಮದು ಅಂತ. ಇದು ದಾನವಾ, ದಂಡವಾ, ಋಣವಾ ಅಂತ ನನಗೆ ಸ್ಪಷ್ಟವಿರಲಿಲ್ಲ. ನಾವು ಕೇಳಿದರೆ ಆಕೆಗೆ ಬೇಡ ಅನ್ನಲು ಎಷ್ಟು ಜಾಗ ಇದೆ ಅನ್ನುವುದೂ ಕಾಡುತ್ತಿತ್ತು. ನನ್ನ ಮಗಳ ಹಾಗೆಯೇ ಆಕೆಯ ಒಪ್ಪಿಗೆಯೂ ಪೂರ್ತಿ ಆಕೆಯದಲ್ಲ. ಆಕೆ ಮಾತ್ರ ನನ್ನಷ್ಟು ಗೋಜಲಾಗಿ ಯೋಚಿಸಲಿಲ್ಲ. ಎರಡೇ ಪ್ರಶ್ನೆ ಕೇಳಿದಳು.

“ಏನಾರ ಆದ್ರ?”

ಗೊತ್ತಿದ್ದದ್ದನ್ನು ಹೇಳಿದೆ. ಕೈ ನೋಯುತ್ತೆ, ಮೈ ಬಿಸಿಯಾಗಬಹುದು, ಹೆಚ್ಚಿನದು ಆಗುವುದು ಬಹಳ ಅಪರೂಪ, ಹಾಕಿಸಿದರೂ ಜ್ವರ ಬಂದೇ ಬರಲ್ಲ ಅಂತಿಲ್ಲ.

“ನೀವು ಹಾಕಿಸ್ಕೊಂಡೀರೇನ್ರಿ ಅಣ್ಣಾರ?”

ನಾನು ಹಾಕಿಸಿಕೊಂಡಿರಲಿಲ್ಲ. ನಮ್ಮ ಕಂಪನಿಯಲ್ಲಿ ಪ್ರತಿ ವರ್ಷ ಕೆಫೆಟೇರಿಯಾದ ಪಕ್ಕ ಒಂದು ಟೇಬಲ್ ಹಾಕಿ ಪುಕ್ಕಟೆ ಫ್ಲೂ ಲಸಿಕೆ ಕೊಡುತ್ತಾರೆ. ಐದು ವರ್ಷದಿಂದ ಆ ಟೇಬಲ್ ದಾಟಿಕೊಂಡು ಕಾಫಿಗೆ ಹೋಗಿದ್ದೇನೆ. ಮಗಳ ತೋಳಿನ ಬಗ್ಗೆ ಕಾಂಟ್‌ವರೆಗೂ ಹೋದವನು ನನ್ನ ತೋಳಿನ ಬಗ್ಗೆ ಯೋಚಿಸಿಯೇ ಇರಲಿಲ್ಲ.

“ಇಲ್ಲ” ಅಂದೆ. “ಹಂಗಾರ ಮೊದಲ ನೀವು ಹಾಕಿಸ್ಕೋರಿ, ನೋಡೂಣು” ಅಂದಳು. ಅಣಕಿಸುವ ದನಿಯೇನೂ ಇರಲಿಲ್ಲ. ಅಂಗಡಿಯಲ್ಲಿ ಹಣ್ಣು ಕೊಳ್ಳುವಾಗ ಒಂದು ಹೋಳು ತಿಂದು ನೋಡುತ್ತಾರಲ್ಲ, ಹಾಗೆ.

ಆ ಶನಿವಾರ ನಾವಿಬ್ಬರೂ ಹಾಕಿಸಿಕೊಂಡೆವು. ಮಗಳಿಗೂ ಆಯ್ತು, ಅವಳು ಅತ್ತಳು, ನಾನು ಅವಳ ಕೈ ಹಿಡಿದುಕೊಂಡಿದ್ದೆ. ಸೋಮವಾರ ಆಕೆ ಬಂದವಳೇ ನನ್ನ ತೋಳು ನೋಡಿ, “ನೋವೈತೇನ್ರಿ?” ಅಂದಳು. “ಸ್ವಲ್ಪ.” ಒಂದು ವಾರ ಬಿಟ್ಟು ಕೂಸನ್ನು ಕರೆದುಕೊಂಡು ನಮ್ಮ ಜೊತೆ ಕ್ಲಿನಿಕ್ಕಿಗೆ ಬಂದಳು. ದೊಡ್ಡ ಮಗನಿಗೆ ಬೇಡ ಅಂದ ಗಂಡ, ಕಾರಣ ಹೇಳಲಿಲ್ಲ. ನಾವು ಮತ್ತೆ ಕೇಳಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಕೇಳುತ್ತೇವೆ.

ಒಂದು ವಾಚ್‌ಮನ್ ಮನೆಗೆ ನಾವು ಲಸಿಕೆ ಹಾಕಿಸಿದ್ದರಿಂದ ನಗರ ಉಳಿಯುವುದಿಲ್ಲ ಅಂತ ನನಗೂ ಗೊತ್ತು. ಸರ್ಕಾರದ ಉಚಿತ ಪಟ್ಟಿಯಲ್ಲಿ ಇದು ಸೇರಬೇಕಾ, ಎಲ್ಲರಿಗೂ ಸಾಧ್ಯವಾಗದಿದ್ದರೆ ಗರ್ಭಿಣಿಯರಿಗಾದರೂ ಮೊದಲು ಕೊಡಬೇಕಾ ಅನ್ನುವುದು ದೊಡ್ಡ ಚರ್ಚೆ, ನಡೆಯಬೇಕಾದ ಚರ್ಚೆ. ಆದರೆ ‘ನನ್ನೊಬ್ಬನಿಂದ ಏನಾಗುತ್ತೆ’ ಅನ್ನಿಸಿದಾಗ ಒಂದು ಸಂಗತಿ ನೆನಪು ಮಾಡಿಕೊಳ್ಳುತ್ತೇನೆ. ಫ್ಲೂ ವೈರಸ್ಸಿನಲ್ಲಿ ಬಿ ಯಮಗಾಟ ಅಂತ ಒಂದು ವಂಶ ಇತ್ತು. ನಾಲ್ಕು ತಳಿಯ ಲಸಿಕೆಯಲ್ಲಿ ಅದೂ ಒಂದು. 2020ರ ಮಾರ್ಚ್ ನಂತರ ಅದು ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡುಬಂದಿಲ್ಲ, ಈಗ ಲಸಿಕೆಯಿಂದಲೂ ತೆಗೆಯುತ್ತಿದ್ದಾರೆ. ಆ ವರ್ಷ ನಾವೆಲ್ಲ ಮಾಸ್ಕ್ ಹಾಕಿದೆವು, ಮನೆಯಲ್ಲಿ ಕೂತೆವು, ಜ್ವರ ಬಂದರೆ ಹೊರಗೆ ಹೋಗಲಿಲ್ಲ. ಬೇರೆ ರೋಗಕ್ಕೆ ಹೆದರಿ ಮಾಡಿದ್ದಕ್ಕೆ ಇದು ದಾರಿ ಸಿಗದೆ ನಿಂತುಹೋಯ್ತು. ಅದಕ್ಕೆ ದಾರಿ ಮುಚ್ಚಿದವರಲ್ಲಿ ಯಾರೂ ನಾನೇ ಮುಚ್ಚಿದೆ ಅಂತ ಹೇಳಲಾರರು. ಕೂಸಿಗೆ ಯಾರಿಂದ ಜ್ವರ ಬಂತು ಅಂತ ಹೇಳಲಾಗದ ಹಾಗೆಯೇ, ಯಾವ ಕೂಸಿಗೆ ಯಾರಿಂದ ಜ್ವರ ಬರಲಿಲ್ಲ ಅಂತಲೂ ಹೇಳಲಾಗುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಎರಡು ನಿಯಮ ಇವೆ. ಯಾರಿಗೆ ಜ್ವರ ಬಂದರೂ ಆಕೆಗೆ ಬೆಳಿಗ್ಗೆ ಏಳಕ್ಕೇ ಫೋನ್, ಅವತ್ತಿನ ಸಂಬಳ ಕಟ್ ಇಲ್ಲ. ಮಗಳಿಗೆ ಮೈ ಬಿಸಿ ಇದ್ದರೆ ಸಿರಪ್ ಕುಡಿಸಿ ಡೇ ಕೇರ್‌ಗೆ ಬಿಡುವುದಿಲ್ಲ, ಡೆಮೋ ಇರಲಿ, ಏನೇ ಇರಲಿ. ಎರಡನೆಯದನ್ನು ಇಲ್ಲಿಯವರೆಗೆ ಒಂದು ಸಲ ಮುರಿಯುವಷ್ಟು ಹತ್ತಿರ ಹೋಗಿದ್ದೆ. ಬಾಟಲಿಯ ಮುಚ್ಚಳ ತೆಗೆದಿದ್ದೆ ಕೂಡ. ನಲ್ಲಿ ಬಂದ್ ಮಾಡಿ ನಿಂತಿದ್ದ ಆಕೆ ನೆನಪಾದಳು. ಮ್ಯಾನೇಜರ್‌ಗೆ ಮೆಸೇಜ್ ಹಾಕಿ ಮಗಳ ಪಕ್ಕ ಮಲಗಿದೆ.